ಬಲಗಣ್ಣಿನ ಹಳದಿ

ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವವರಿಗೆ ಒಂದು ಅಭ್ಯಾಸವಿರುತ್ತದೆ. ಸಾಲು ಹೊಲಿದು ಮುಗಿದ ಮೇಲೆ ಬಟ್ಟೆಯನ್ನು ಎತ್ತಿ ಮೂಗಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಆ ಸಾಲಿನ ಉದ್ದಕ್ಕೂ ದೃಷ್ಟಿ ಓಡಿಸುತ್ತೇವೆ. ಬಡಿಗ ಹಲಗೆಯ ಅಂಚು ನೋಡುತ್ತಾನಲ್ಲ, ಹಾಗೆ. ನಾನು ಮುಚ್ಚುತ್ತಿದ್ದದ್ದು ಯಾವಾಗಲೂ ಎಡಗಣ್ಣು. ನಮ್ಮವ್ವ ಎಡಗಣ್ಣು ಮುಚ್ಚುತ್ತಿದ್ದಳು, ಅದನ್ನು ನೋಡುತ್ತ ಬೆಳೆದ ನನಗೂ ಅದೇ ಬಂತು. ಕಲಘಟಗಿ ಕಡೆಯಿಂದ ಮದುವೆಯಾಗಿ ದಾಂಡೇಲಿಗೆ ಬಂದಾಗ ನಮ್ಮ ಮನೆಯವರು, ಯಲ್ಲಪ್ಪ, ಕಾಗದದ ಮಿಲ್ಲಿನಲ್ಲಿ ಲಾರಿಯಿಂದ ಬಿದಿರು ಇಳಿಸುವ ಕೆಲಸಕ್ಕಿದ್ದರು. ಅಂದಿನಿಂದ ಈವರೆಗೆ ಬಂಗೂರನಗರದ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕರ್ಧ ನನ್ನ ಕೌದಿಯ ಮೇಲೆ ಮಲಗಿ ದೊಡ್ಡವಾಗಿವೆ. ಅಷ್ಟು ಕಾಲವೂ ಬಲಗಣ್ಣಿನಿಂದಲೇ ಸಾಲು ನೋಡುತ್ತ ಬಂದದ್ದರಿಂದ ಎಡಗಣ್ಣು ಯಾವಾಗ ಕೆಟ್ಟಿತು ಎಂಬುದು ನನಗೆ ತಿಳಿಯಲೇ ಇಲ್ಲ.

ತಿಳಿದದ್ದು ಎರಡು ವರ್ಷದ ಹಿಂದೆ, ಒಂದು ಮುಂಜಾನೆ. ಅಂಗಳ ಗುಡಿಸುತ್ತಿದ್ದೆ, ಬಲಗಣ್ಣಿಗೆ ಕಸ ಬಿತ್ತು. ಅಂಗೈಯಿಂದ ಅದನ್ನು ಒತ್ತಿ ಹಿಡಿದು ನಿಂತಿದ್ದಾಗ ಯಲ್ಲಪ್ಪನವರು ನಳದಿಂದ ಕೊಡ ತುಂಬಿಕೊಂಡು ಬಂದರು. ಅವರ ಬಿಳಿ ಟೊಪ್ಪಿಗೆ ಕಂಡಿತು, ಎರಡೂ ಕಿವಿ ಕಂಡವು, ಹೆಗಲ ಮೇಲಿನ ಕೊಡ ಕಂಡಿತು. ನಡುವೆ ಮುಖ ಇರಲಿಲ್ಲ. ಮುಖ ಇರಬೇಕಾದಲ್ಲಿ ಒದ್ದೆ ಬೂದಿ ಬಳಿದಂತೆ ಏನೋ ಇತ್ತು.

'ಮಾರಿ ಎಲ್ಲಿ ಬಿಟ್ಟು ಬಂದ್ರಿ?' ಅಂದೆ.

ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದು ತಿಳಿದರು. 'ನಳದ ಕಟ್ಟಿ ಮ್ಯಾಲ ಐತಿ, ತಗೊಂಡ ಬಾ ಹೋಗ,' ಅಂದು ಒಳಗೆ ಹೋದರು.

ನಾನು ಅಲ್ಲೇ ನಿಂತು ಒಮ್ಮೆ ಈ ಕಣ್ಣು, ಒಮ್ಮೆ ಆ ಕಣ್ಣು ಮುಚ್ಚಿ ನೋಡಿದೆ. ಎರಡೂ ತೆರೆದರೆ ಲೋಕ ಇಡಿಯಾಗಿತ್ತು. ಒಂದು ಕಣ್ಣು ತಾನು ಕುರುಡಾಗುತ್ತ ಹೋದರೂ ಸದ್ದು ಮಾಡಿರಲಿಲ್ಲ. ಇನ್ನೊಂದು ಅದರ ಪಾಲಿನ ಕೆಲಸವನ್ನೂ ಹೊತ್ತುಕೊಂಡು, ನನಗೊಂದು ಮಾತು ಹೇಳದೆ ನಡೆಸಿಕೊಂಡು ಬಂದಿತ್ತು. ಹೆದರಿಕೆ ಬಂದದ್ದು ಆಮೇಲೆ. ಮೊದಲು ಬಂದದ್ದು ಸೋಜಿಗ.

ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಸೊಸೆ ಐಶ್ವರ್ಯಾ ಕರೆದುಕೊಂಡು ಹೋದಳು, ಯಲ್ಲಪ್ಪನವರೂ ಜೊತೆಗೆ ಬಂದರು. ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಸೊಸೆಗಿಂತ ಸ್ವಲ್ಪ ದೊಡ್ಡವರು, ಬೆಳಗಾವಿ ಕಡೆಯ ಮಾತು. ಕಣ್ಣಿಗೆ ಹನಿ ಹಾಕಿ, ಯಂತ್ರದ ಮುಂದೆ ಗದ್ದ ಇಡಿಸಿ, ಫೋಟೋ ತೆಗೆದು ತೋರಿಸಿದರು. ನನ್ನ ಕಣ್ಣಿನ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಬೆಲ್ಲದ ಪಾಕ ತಟ್ಟೆಗೆ ಸುರಿದು ಆರಲು ಬಿಟ್ಟಂತಿತ್ತು. ಆ ಕೆಂಪು ಹಳದಿಯ ಮೇಲೆ ಬೇರಿನಂತೆ ರಕ್ತದ ನರಗಳು ಹಬ್ಬಿದ್ದವು. ಅದು ಒಂದು ಪರದೆ, ನಾವು ನೋಡಿದ್ದೆಲ್ಲ ಅದರ ಮೇಲೆ ಬೀಳುತ್ತದೆ ಎಂದರು. ಆ ಪರದೆಯ ನಟ್ಟನಡುವೆ ಎಳ್ಳುಕಾಳಿನಷ್ಟು ಜಾಗವಂತೆ. ಮನುಷ್ಯರ ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಅಕ್ಷರ ಓದುವುದು, ಎಲ್ಲವೂ ಆ ಎಳ್ಳುಕಾಳಿನಷ್ಟು ಜಾಗದ ಕೆಲಸ. ನನ್ನ ಎಡಗಣ್ಣಿನಲ್ಲಿ ಅಲ್ಲಿ ನೀರು, ರಕ್ತ ಸೋರಿ, ಒಣಗಿ, ಕಲೆ ಕಟ್ಟಿಬಿಟ್ಟಿತ್ತು. ಇನ್ನು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಬಲಗಣ್ಣಿನಲ್ಲೂ ಅದೇ ರೋಗ ಬೇರು ಬಿಟ್ಟಿತ್ತು, ಆದರೆ ಇನ್ನೂ ಸೋರಿರಲಿಲ್ಲ. ಪರದೆಯ ಕೆಳಗೆ ಸಣ್ಣ ಸಣ್ಣ ಚುಕ್ಕೆ ಕೂತಿದ್ದವು, ಅಷ್ಟೇ.

ಅದಕ್ಕೆ ಗುಳಿಗೆ ಬರೆದರು. ಬರೆಯುವಾಗ ಒಂದು ಮಾತು ಸ್ಪಷ್ಟವಾಗಿ ಹೇಳಿದರು.

'ಹ್ವಾದ ಕಣ್ಣ ಗುಳಿಗಿಯಿಂದ ಬರೂದಿಲ್ರಿ ಅಮ್ಮಾರ. ಇದ್ದದ್ದು ಲಗೂನ ಹೋಗದಂಗ ತಡದೀತು. ಎಲ್ಲಾರಿಗೂ ತಡೀತೈತಿ ಅಂತ ಹೇಳಾಕೂ ಬರೂದಿಲ್ಲ.'

ಅದರಲ್ಲಿ ಏನಿದೆ ಎಂದು ಐಶ್ವರ್ಯಾ ಕೇಳಿದಳು. ಎರಡು ಬಗೆಯ ಜೀವಸತ್ವ, ಸ್ವಲ್ಪ ಸತು, ಚೂರು ತಾಮ್ರ, ಆಮೇಲೆ ಎರಡು ಹಳದಿ ಬಣ್ಣದ ಪದಾರ್ಥ ಎಂದರು. ಆಂಟಿಆಕ್ಸಿಡೆಂಟ್ ಎಂಬ ಹೆಸರು ನಾನು ಕೇಳಿದ್ದು ಅಲ್ಲಿ. ಬಿಸಿಲಿಗೆ ಹಾಕಿದ ಸೀರೆ ಬಣ್ಣ ಹಾರಿ ನಾರಾಗುವ ಹಾಗೆ, ಜೀವಮಾನವೆಲ್ಲ ಬೆಳಕು ಬಿದ್ದು ಬಿದ್ದು ಕಣ್ಣಿನ ಪರದೆಯೂ ಸವೆಯುತ್ತದೆ, ಇವು ಆ ಸವೆತಕ್ಕೆ ಅಡ್ಡ ನಿಲ್ಲುತ್ತವೆ ಎಂದು ವಿವರಿಸಿದರು. ನೀವು ಬೀಡಿ ಗೀಡಿ ಸೇದುತ್ತೀರಾ ಎಂದು ನನ್ನನ್ನು ಕೇಳಿದರು. ಈ ಗುಳಿಗೆಗಳಲ್ಲಿ ಇನ್ನೊಂದು ಜಾತಿ ಇದೆಯಂತೆ, ಅದು ಸೇದುವವರ ಶ್ವಾಸಕೋಶಕ್ಕೆ ಒಳ್ಳೆಯದಲ್ಲವಂತೆ. ನಾನು ನಕ್ಕೆ. ಪಕ್ಕದಲ್ಲಿ ಕೂತಿದ್ದ ಯಲ್ಲಪ್ಪನವರು ಫ್ಯಾನಿನ ಕಡೆ ನೋಡುತ್ತ ಅಂಗಿಯ ಜೇಬು ಮುಚ್ಚಿಕೊಂಡರು.

ಆ ಹಳದಿಯ ಸಂಗತಿ ಮಾತ್ರ ನನ್ನನ್ನು ಬಿಡಲಿಲ್ಲ. ಕಣ್ಣಿನ ನಡುವಿನ ಆ ಎಳ್ಳುಕಾಳಿನ ಜಾಗ ನಿಜವಾಗಿಯೂ ಹಳದಿಯಂತೆ. ಆ ಬಣ್ಣವನ್ನು ಮನುಷ್ಯನ ಮೈ ತಾನಾಗಿ ಮಾಡಿಕೊಳ್ಳಲಾರದು, ತಿಂದೇ ಪಡೆಯಬೇಕು. ಸೊಪ್ಪಿನಲ್ಲಿದೆ, ಗೋವಿನಜೋಳದಲ್ಲಿದೆ, ತತ್ತಿಯ ಒಳಗಿನ ಹಳದಿಯಲ್ಲಿದೆ. ಗುಳಿಗೆಗೆ ಬೇಕಾದದ್ದನ್ನು ಚೆಂಡುಹೂವಿನಿಂದ ತೆಗೆಯುತ್ತಾರಂತೆ. ಹೂವಿನ ಮಾತು ಇರಲಿ, ಹಸಿರು ಸೊಪ್ಪಿನೊಳಗೆ ಹಳದಿ ಅಡಗಿ ಕೂತಿರುತ್ತದೆ ಎಂದು ಯಾರು ಅಂದುಕೊಂಡಾರು? ನಾನು ತಿಂದ ರಾಜಗಿರಿ ಸೊಪ್ಪಿನ ಹಳದಿ ಹೊಟ್ಟೆಗಿಳಿದು, ರಕ್ತಕ್ಕೆ ಸೇರಿ, ಕೈಕಾಲೆಲ್ಲ ಸುತ್ತಿ, ಕೊನೆಗೆ ಎಳ್ಳುಕಾಳಿನಷ್ಟು ಜಾಗವನ್ನು ಹುಡುಕಿಕೊಂಡು ಹೋಗಿ ಅಲ್ಲಿ ದಟ್ಟವಾಗಿ ಕೂರುತ್ತದೆ. ಅದಕ್ಕೆ ದಾರಿ ತೋರಿಸಿದವರು ಯಾರು? ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನು ಯಲ್ಲಪ್ಪನವರಿಗೆ ಕೇಳಿದೆ. ಅವರು, ಬಿದಿರಿನ ಬೇರಿಗೂ ನೀರು ಎಲ್ಲಿದೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ ಎಂದರು. ಅದು ಉತ್ತರವೋ ಅಲ್ಲವೋ, ನನಗೆ ಸಮಾಧಾನವಾಯಿತು.

ಅಂದಿನಿಂದ ಗುಳಿಗೆ ತಪ್ಪಿಸಲಿಲ್ಲ. ಮಿಲ್ಲಿನ ಮಧ್ಯಾಹ್ನದ ಭೋಂಗಾ ಕೂಗಿದ ಮೇಲೆ ಊಟ, ಊಟದ ಮೇಲೆ ಗುಳಿಗೆ. ಎದುರು ಮನೆಯ ಸಿದ್ದಕ್ಕ ಇದನ್ನು ನೋಡಿ ನಗುತ್ತಿದ್ದಳು. ಖಾನಾಪುರ ಕಡೆಯವಳು, ನನಗಿಂತ ಸ್ವಲ್ಪ ದೊಡ್ಡವಳು, ನಾಲಿಗೆ ಸೂಜಿಗಿಂತ ಮೊನಚು. ಪ್ರಸಾದ ತೆಗೆದುಕೊಳ್ಳುವವಳ ಹಾಗೆ ಕಣ್ಣಿಗೆ ಒತ್ತಿಕೊಂಡು ನುಂಗುತ್ತೀಯಲ್ಲ ಎಂದು ಆಡಿಕೊಳ್ಳುತ್ತಿದ್ದಳು. ನಿಜಕ್ಕೂ ಒತ್ತಿಕೊಳ್ಳುತ್ತಿದ್ದೆ.

ಡಾಕ್ಟರಮ್ಮ ಇನ್ನೊಂದು ಕೊಟ್ಟಿದ್ದರು: ಚೌಕಳಿ ಚೌಕಳಿ ಗೆರೆ ಎಳೆದ ಒಂದು ಕಾಗದ, ನಡುವೆ ಕಪ್ಪು ಚುಕ್ಕೆ. ದಿನಾ ಬಲಗಣ್ಣೊಂದರಿಂದಲೇ ಆ ಚುಕ್ಕೆ ನೋಡಬೇಕು, ಸುತ್ತಲಿನ ಗೆರೆ ಡೊಂಕು ಕಂಡರೆ ಅಂದೇ ಓಡಿ ಬರಬೇಕು. ಅಡುಗೆಮನೆಯ ಮೊಳೆಗೆ ತೂಗುಹಾಕಿ ನೋಡುತ್ತಿದ್ದೆ. ದಿನಾ ನೆಟ್ಟಗೇ ಇರುತ್ತಿತ್ತು. ಯುಗಾದಿಗೆ ಹೊಸ ಕ್ಯಾಲೆಂಡರ್ ಬಂತು, ಅದೇ ಮೊಳೆಗೆ ಅದನ್ನು ಹಾಕಿದೆವು, ಕಾಗದ ಹಿಂದೆ ಬಿತ್ತು. ಗುಳಿಗೆ ಕಾಯುತ್ತಿದೆಯಲ್ಲ ಎಂದು ನಾನೂ ಬಿಟ್ಟೆ.

ಈ ಮಳೆಗಾಲದಲ್ಲಿ ಸಿದ್ದಕ್ಕನ ಮಗಳು ಸುಮನಳಿಗೆ ದಿನ ತುಂಬುತ್ತ ಬಂದಿತ್ತು. ಅವಳನ್ನು ಕೊಟ್ಟಿರುವುದು ಜೊಯಿಡಾಕ್ಕೆ. ಬರುವ ಕೂಸಿಗೆ ಕೌದಿ ಹೊಲಿಯಲು ಹಾಕಿದೆವು. ನಾನೂ ಸಿದ್ದಕ್ಕನೂ ಹೊಲಿಯುವ ರೀತಿಯೇ ಬೇರೆ: ಇಬ್ಬರೂ ಎದುರುಬದುರು ಕೂತು, ಅವಳು ಆ ಅಂಚಿನಿಂದ, ನಾನು ಈ ಅಂಚಿನಿಂದ, ಸಾಲು ಸಾಲಾಗಿ ನಡುವಿಗೆ ಬರುತ್ತೇವೆ. ಕೊನೆಯ ಎರಡು ಸಾಲು ಒಂದರ ಪಕ್ಕ ಒಂದು ಸರಿಯಾಗಿ ಬಂದು ಕೂರಬೇಕು. ಇಷ್ಟು ವರ್ಷದಲ್ಲಿ ಕೂರದೆ ಇದ್ದದ್ದಿಲ್ಲ.

ಕೌದಿ ಅರ್ಧವಾಗುವ ಹೊತ್ತಿಗೆ ಮಗಳನ್ನು ನೋಡಲು ಸಿದ್ದಕ್ಕ ಜೊಯಿಡಾಕ್ಕೆ ಹೋದಳು. ಮಳೆಗೆ ಬಸ್ಸು ನೆಚ್ಚುವಂತಿರಲಿಲ್ಲ, ಅಲ್ಲೇ ಉಳಿದಳು. ನಾನು ಒಬ್ಬಳೇ ಕೂತು ಕೌದಿ ಎತ್ತಿ ನೋಡಿದರೆ ಸಿದ್ದಕ್ಕನ ಸಾಲುಗಳೆಲ್ಲ ಡೊಂಕು. ನೋಡಿದ ಕಡೆಯಲ್ಲೆಲ್ಲ ಡೊಂಕು. ಪಾಪ, ಕೈ ಸೋತಿದೆ ಅಂದುಕೊಂಡೆ. ಮಗಳ ಚಿಂತೆ ಬೇರೆ. ಅವಳ ಮನಸ್ಸಿಗೆ ನೋವಾಗಬಾರದು, ಬರುವಷ್ಟರಲ್ಲಿ ಸರಿ ಮಾಡಿಬಿಡೋಣ ಎಂದು ಅವಳ ಸಾಲುಗಳನ್ನು ಬಿಚ್ಚಿದೆ. ಐಶ್ವರ್ಯಾ ಸೂಜಿಗೆ ದಾರ ಪೋಣಿಸಿ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದಳು, ನಾನು ಹೊಲಿಯುತ್ತಿದ್ದೆ. ಆಮೇಲೆ ನೋಡಿದರೆ ನನ್ನ ಸಾಲುಗಳೂ ಡೊಂಕು ಕಂಡವು. ಹಳೆಯ ಸೀರೆಯ ಬಟ್ಟೆ, ಎಳೆದಲ್ಲಿ ಹಿಗ್ಗುತ್ತದೆ, ಅದಕ್ಕೇ ಹೀಗೆ ಎಂದು ಅವನ್ನೂ ಬಿಚ್ಚಿದೆ. ನೆಟ್ಟಗೆ ಕಾಣುವ ತನಕ ಹೊಲಿದೆ.

ಸಿದ್ದಕ್ಕ ವಾಪಸು ಬಂದವಳು ಮಂಚದ ಮೇಲೆ ಕೌದಿ ಹರವಿ ಸಾಲುಗಳ ಮೇಲೆ ಬೆರಳಾಡಿಸಿದಳು.

'ಇದನ್ನ ಯಾರ ಹೊಲದ್ರು?' ಅಂದಳು.

'ನಾನ. ನಿನ್ನ ಸಾಲು ಡೊಂಕಾಗಿದ್ವು ಅಕ್ಕಾ, ಸರಿ ಮಾಡೇನಿ.'

'ನನ್ನ ಸಾಲು ಡೊಂಕ? ಏ ಖೋಡಿ, ಇದು ಹಾವು ಹರದ ಹಾದಿ ಆಗೇತಿ. ಕೂಸು ಮಲಗಿದ್ರ ತೊಟ್ಟಲದಾಗ ಉಳ್ಳಾಡಿ ಬೀಳ್ತೈತಿ.'

ನನಗೆ ಸಿಟ್ಟು ಬಂತು. ವಯಸ್ಸಾಗಿದೆ, ಕಣ್ಣು ಮಂಜಾಗಿದೆ, ಕನ್ನಡಕ ಹಾಕಿಕೊಂಡು ನೋಡು ಎಂದೆ. ಅವಳು ತಿರುಗಿ ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೆಳಗೆ ಕೂತು, ಉಂಡೆಯಿಂದ ಮಾರುದ್ದ ದಾರ ಎಳೆದು, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಿಗಿದಳು. ದಾರ ಹುರಿಮಾಡುವಾಗ ಎಲ್ಲರೂ ಹಾಗೆ ಬಿಗಿಯುತ್ತಾರೆ.

'ಎಡಗಣ್ಣ ಮುಚ್ಚ. ನಡುವ ನೋಡ. ನೆಟ್ಟಗೈತೇನು?'

ನೋಡಿದೆ. ಹೆಬ್ಬೆರಳಿನಿಂದ ದಾರ ನೆಟ್ಟಗೆ ಮೇಲೆ ಬರುತ್ತಿತ್ತು. ನಡುವೆ ಒಂದು ಕಡೆ, ಹರಿಯುವ ನೀರು ಕಲ್ಲನ್ನು ಬಳಸಿ ಹೋಗುವ ಹಾಗೆ, ಪಕ್ಕಕ್ಕೆ ಬಾಗಿ, ಮತ್ತೆ ನೆಟ್ಟಗಾಗಿ ಅವಳ ಕೈಗೆ ಹೋಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಇನ್ನೂ ಜಗ್ಗಿದಳು, ಹೆಬ್ಬೆರಳು ಕೆಂಪಾಯಿತು.

'ಈಗ?'

'ಈಗೂ ಹಂಗ ಐತಿ.'

ಸಿದ್ದಕ್ಕ ದಾರ ಬಿಡಲಿಲ್ಲ. ಅವಳ ದನಿ ಇಳಿದುಹೋಗಿತ್ತು. 'ಬಿಗದ ದಾರ ಬಾಗೂದಿಲ್ಲ ಮಾಲವ್ವಾ,' ಅಂದಳು.

ಆಗ ನನಗೆ ತಿಳಿಯಿತು. ಡೊಂಕು ಬಟ್ಟೆಯಲ್ಲಿರಲಿಲ್ಲ, ಸಿದ್ದಕ್ಕನ ಕೈಯಲ್ಲಿರಲಿಲ್ಲ. ಉಳಿದಿದ್ದ ಒಂದೇ ಕಣ್ಣಿನಲ್ಲಿತ್ತು. ನಾನು ಎಷ್ಟು ಚಂದವಾಗಿ ಅವಳ ನೆಟ್ಟಗಿನ ಸಾಲುಗಳನ್ನು ಬಿಚ್ಚಿ ನನ್ನ ರೋಗವನ್ನು ಅಲ್ಲಿ ಹೊಲಿದಿದ್ದೆ.

ಸಂಜೆ ಐಶ್ವರ್ಯಾ ಬಂದವಳೇ ಕ್ಯಾಲೆಂಡರ್ ಹಿಂದಿನಿಂದ ಚೌಕಳಿ ಕಾಗದ ತೆಗೆದು ಹಿಡಿದಳು. ನಡುವಿನ ಚೌಕಗಳು ತುಳಿದ ಬುಟ್ಟಿಯಂತೆ ಸೊಟ್ಟಗಾಗಿದ್ದವು. ದವಾಖಾನೆಗೆ ಫೋನು ಮಾಡಿದಳು. ಮರುದಿನವೇ ಬರಬೇಕು, ಇಂಥದ್ದರಲ್ಲಿ ಒಂದು ವಾರ ತಡ ಮಾಡಿದರೂ ಕಷ್ಟ ಎಂದರು. ನಾನು ಒಲ್ಲೆನೆಂದೆ. ಗುಳಿಗೆ ಒಂದರ ಬದಲು ಎರಡು ನುಂಗಿ ನೋಡುತ್ತೇನೆ, ಸುಮನಳ ಬಾಣಂತನ ಒಂದು ಸುಗಮವಾಗಿ ಆಗಲಿ, ಆಮೇಲೆ ಹೋದರಾಯಿತು ಎಂದೆ. ಹೆಚ್ಚು ನುಂಗಿದರೆ ಹೆಚ್ಚು ಕಾಯುತ್ತದೆ ಎಂದು ಯಾರು ಹೇಳಿದರು ಎಂದು ಸೊಸೆ ರೇಗಿದಳು. ನನ್ನ ಒಳಗಿನ ಮಾತು ಬೇರೆಯೇ ಇತ್ತು. ಎಡಗಣ್ಣಿಗೆ ಹೇಳಿದ ಮಾತನ್ನೇ ಬಲಗಣ್ಣಿಗೂ ಹೇಳಿಬಿಟ್ಟರೆ? ಹೇಳಿಸಿಕೊಳ್ಳದೆ ಇರುವ ತನಕ ಅದು ನಿಜವಲ್ಲ ಅನಿಸುತ್ತಿತ್ತು. ಇನ್ನು ಅಲ್ಲಿಯ ಬೆಂಚಿನ ಮೇಲೆ ಕೂತವರು ಕಣ್ಣೊಳಗೆ ಸೂಜಿ ಚುಚ್ಚುವ ಸುದ್ದಿ ಮಾತಾಡುತ್ತಿದ್ದುದನ್ನು ನಾನು ಮರೆತಿರಲಿಲ್ಲ.

ಯಲ್ಲಪ್ಪನವರು ಯಾವುದಕ್ಕೂ ನನ್ನನ್ನು ಒತ್ತಾಯ ಮಾಡಿದವರಲ್ಲ. ಅವತ್ತು ಬಾಗಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡು, ಬೀಡಿ ಆರಿಸಿ, ಒಳಗೆ ಬಂದರು.

'ಈ ಕಣ್ಣಿಗೂ ನನ್ನ ಮಾರಿ ಇಲ್ಲದಂಗ ಆದ್ರ ನಾನು ಯಾರ ಮುಂದ ಕುಂದರ್ಲಿ?' ಅಂದರು. 'ಮುಂಜಾನಿ ಮೊದಲನೇ ಬಸ್ಸಿಗೆ ಹೋಗೂಣು. ಸೀರಿ ತಗದ ಇಡು.'

ನಾನು ಸೀರೆ ತೆಗೆದಿಟ್ಟೆ.

ಹುಬ್ಬಳ್ಳಿಯಲ್ಲಿ ಈ ಸಲ ಇನ್ನೊಂದು ಯಂತ್ರ. ಅದು ಕಣ್ಣಿನ ಪರದೆಯನ್ನು ಮುಟ್ಟದೆ, ಬರೀ ಬೆಳಕಿನಿಂದ, ಈರುಳ್ಳಿ ಕೊಯ್ದ ಹಾಗೆ ಅಡ್ಡ ಕೊಯ್ದು ತೋರಿಸುತ್ತದೆ. ಡಾಕ್ಟರಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಪದರದ ಮೇಲೆ ಪದರ, ಒಂದು ಬೆಳ್ಳಗೆ ಒಂದು ಕರ್ರಗೆ, ಒಂದು ದಪ್ಪ ಒಂದು ಕೂದಲಿನಂಥದ್ದು. ಕೌದಿಯ ಅಂಚನ್ನು ಕತ್ತರಿಯಿಂದ ಕತ್ತರಿಸಿ ನೋಡಿದರೆ ಒಳಗಿನ ಸೀರೆಗಳೆಲ್ಲ ಹೀಗೇ ಒಂದರ ಮೇಲೊಂದು ಕಾಣುತ್ತವೆ. ಇಷ್ಟೂ ಪದರ ಸೇರಿದರೂ ದಪ್ಪ ಕಾಗದದಷ್ಟೂ ಇಲ್ಲವಂತೆ. ಯಾವ ಕೈ ಇದನ್ನು ಹಾಸಿತು, ಯಾವ ಕತ್ತಲೆಯಲ್ಲಿ ಕೂತು ಹಾಸಿತು? ಅವ್ವನ ಹೊಟ್ಟೆಯಲ್ಲಿದ್ದಾಗಲೇ ಇದು ನನಗೆ ಸಿದ್ಧವಾಗಿತ್ತಲ್ಲ ಎಂದು ನೋಡುತ್ತಲೇ ಕೂತೆ. ಆಮೇಲೆ ಅವರು ಬೆರಳು ಇಟ್ಟ ಕಡೆ ಕಂಡಿತು: ಪದರಗಳ ಕೆಳಗೆ ಒಂದು ಕಪ್ಪು ಉಬ್ಬು, ಹಾಸಿಗೆಯ ಕೆಳಗೆ ಯಾರೋ ಚೆಂಬು ಇಟ್ಟಂತೆ. ಅದು ಸೋರಿದ ನೀರು. ಅದು ಪದರವನ್ನು ಎತ್ತಿದೆ, ಅದಕ್ಕೇ ನೆಟ್ಟಗಿದ್ದದ್ದು ಡೊಂಕು ಕಾಣುತ್ತಿದೆ.

'ಒಂದ ದಿನಾನೂ ಗುಳಿಗಿ ತಪ್ಪಿಸಿಲ್ರಿ,' ಅಂದೆ.

'ಗೊತ್ತೈತ್ರಿ ಅಮ್ಮಾರ. ಗುಳಿಗಿ ಕಾಯ್ತೈತಿ, ಆದ್ರ ಬಾಗಲಾ ಹಾಕೂದಿಲ್ಲ. ನೀರ ಬಂದ ಮ್ಯಾಲ ಅದರ ಕೈಲೆ ಆಗೂದಿಲ್ಲ, ಇಂಜೆಕ್ಷನ್ ಬೇಕು.' ಇನ್ನೊಂದು ಮಾತು ಹೇಳಿದರು, 'ಎಡಗಣ್ಣ ಕಲಿ ಕಟ್ಟಿದ ಮ್ಯಾಲ ತಂದಿದ್ರಿ. ಇದನ್ನ ಈಗ ತಂದೀರಿ.'

ಆ ಮಾತಿನಲ್ಲಿ ಎಷ್ಟು ಭರವಸೆಯಿದೆ, ಎಷ್ಟಿಲ್ಲ ಎಂದು ಅಳೆಯಲು ನನಗೆ ಬರಲಿಲ್ಲ. ಒಪ್ಪಿದೆ.

ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿದರು. ಮುಖಕ್ಕೆ ಹಸಿರು ಬಟ್ಟೆ ಮುಚ್ಚಿ, ಕಣ್ಣಿನಷ್ಟು ಜಾಗ ಮಾತ್ರ ತೆರೆದಿಟ್ಟರು. ಮೇಲೆ ನೋಡಿ ಎಂದರು. ನೋವಾಗಲಿಲ್ಲ, ಹೆಬ್ಬೆರಳಿನಿಂದ ಒತ್ತಿದಂತೆ ಆಯಿತು, ಅಷ್ಟೇ. ಆಮೇಲೆ ಆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಬೆಳಕಿನ ನಡುವೆ, ನಿಂತ ನೀರಿಗೆ ಹಾಲಿನ ಹನಿ ಬಿದ್ದರೆ ಎಳೆ ಎಳೆಯಾಗಿ ಹರಡುತ್ತದಲ್ಲ, ಹಾಗೆ ಒಂದು ಹೊಗೆ ಹರಡಿತು. ಸುತ್ತಿತು, ತಿರುಗಿತು, ಮೆಲ್ಲಗೆ ತೆಳುವಾಯಿತು. ಅದು ಔಷಧಿ. ಔಷಧಿ ಒಳಗೆ ಬರುವುದನ್ನು ಕಣ್ಣು ತಾನೇ ಒಳಗಿನಿಂದ ನೋಡಿತು. ಇಷ್ಟು ವರ್ಷ ಹೊರಗನ್ನು ನೋಡಿದ ಕಣ್ಣು ಅದೊಂದು ಗಳಿಗೆ ತನ್ನನ್ನು ತಾನೇ ನೋಡಿಕೊಂಡಿತು. ಹೆದರಿಕೆ ಎಲ್ಲಿ ಹೋಯಿತೋ.

ಸಂಜೆ ಬಸ್ಸಿನಲ್ಲಿ ದೃಷ್ಟಿಯ ಕೆಳಗಡೆ ಒಂದು ಕರೀಮಣಿಯಂಥದ್ದು ಅಲ್ಲಾಡುತ್ತಿತ್ತು. ಅದು ಗಾಳಿಯ ಗುಳ್ಳೆ, ತಾನೇ ಕರಗುತ್ತದೆ ಎಂದು ಮೊದಲೇ ಹೇಳಿದ್ದರು. ಬಸ್ಸು ಕುಲುಕಿದಾಗ ಅದೂ ಕುಲುಕುತ್ತಿತ್ತು. ಮರುದಿನ ಹುಡುಕಿದರೆ ಇರಲಿಲ್ಲ.

ಮುಂದಿನ ತಿಂಗಳು ಇನ್ನೊಂದು ಇಂಜೆಕ್ಷನ್. ಈ ನಡುವೆ ಸುಮನ ಹೆತ್ತಳು, ಹೆಣ್ಣು. ಕೌದಿಯ ಸಾಲುಗಳನ್ನು ಮತ್ತೆ ಬಿಚ್ಚಿ ಹೊಲಿಯೋಣ ಎಂದರೆ ಸಿದ್ದಕ್ಕ ಕೊಡಲಿಲ್ಲ; ಹಾವು ಹರಿದ ಹಾದಿಯ ಮೇಲೆಯೇ ಕೂಸು ಚೆನ್ನಾಗಿ ನಿದ್ದೆ ಮಾಡುತ್ತದೆ, ನಿನ್ನ ಕೈಗೆ ಇನ್ನು ಸೂಜಿ ಕೊಡುವವರು ಯಾರು ಎಂದಳು. ನಾನು ಬಲಗಣ್ಣನ್ನು ಪರೀಕ್ಷೆ ಮಾಡಲು ಹೋಗಲಿಲ್ಲ. ದಾರ ನೋಡಲಿಲ್ಲ, ಚೌಕಳಿ ಕಾಗದವನ್ನು ಐಶ್ವರ್ಯಾ ಎದುರಿಗೆ ಹಿಡಿದರೆ, ಹುಬ್ಬಳ್ಳಿಯಲ್ಲೇ ನೋಡಲಿ ಎಂದು ತಳ್ಳಿದೆ.

ಇಂಜೆಕ್ಷನ್ ಶುರುವಾದ ಮೇಲೆ ಮೂರನೆಯ ಸಲ ಹೋದಾಗ ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟರು. ಚೆಂಬಿನಂಥ ಉಬ್ಬು ಇಳಿದಿತ್ತು. ಪದರಗಳು ಹಾಸಿದಂತೆ ಮಲಗಿದ್ದವು, ಒಂದು ಕಡೆ ಸಣ್ಣ ಸುಕ್ಕು ಬಿಟ್ಟರೆ. ರೋಗ ಹೋಗಿಲ್ಲ, ಮತ್ತೆ ಸೋರಬಹುದು, ಬರುತ್ತಲೇ ಇರಬೇಕು, ಗುಳಿಗೆಯನ್ನೂ ಬಿಡಬಾರದು ಎಂದರು. ನಾನು ತಲೆಯಾಡಿಸಿದೆ. ಚಿತ್ರ ಸರಿ, ಅದು ಯಂತ್ರ ಕಂಡದ್ದು. ನಾನು ಕಾಣುವುದು ಏನು ಎಂದು ಇನ್ನೂ ತಿಳಿದಿರಲಿಲ್ಲ.

ವಾಪಸು ಬರುವಾಗ ಬಸ್ಸು ಹಳಿಯಾಳ ದಾಟಿತ್ತು. ಮಳೆ ನಿಂತು ಬಿಸಿಲು ಬಿದ್ದಿತ್ತು, ಭತ್ತದ ಗದ್ದೆಗಳು ತೊಳೆದಿಟ್ಟಂತಿದ್ದವು. ಕಿಟಕಿಯ ಹೊರಗೆ ಕರೆಂಟಿನ ಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಅವನ್ನು ನಾನು ಬೇಕೆಂದು ನೋಡಲಿಲ್ಲ, ಅವೇ ಬಂದು ಕಣ್ಣೆದುರು ನಿಂತವು. ಒಂದು ಕಂಬ, ನೆಟ್ಟಗೆ. ಇನ್ನೊಂದು, ನೆಟ್ಟಗೆ. ತಂತಿ ಬಿಗಿಯಾಗಿ ಒಂದರಿಂದ ಒಂದಕ್ಕೆ ಹೋಗಿತ್ತು. ಆಮೇಲೆ ಒಂದು ತಿರುವಿನ ಹತ್ತಿರ ಬಂದ ಕಂಬ ಗದ್ದೆಯ ಕಡೆಗೆ ವಾಲಿತ್ತು. ಮತ್ತೆ ಡೊಂಕು ಬಂತೇ ಅಂದುಕೊಂಡೆ.

ಪಕ್ಕದಲ್ಲಿ ತೂಕಡಿಸುತ್ತಿದ್ದ ಯಲ್ಲಪ್ಪನವರನ್ನು ಅಲುಗಿಸಿದೆ. 'ನೋಡ್ರಿ, ಆ ಕಂಬ ಬಾಗೇತೇನು?'

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದಕ್ಕೆ ಉಳಿದುಹೋಗುತ್ತಿದ್ದ ಕಂಬವನ್ನು ಚೆನ್ನಾಗಿ ನೋಡಿದರು.

'ಹೌದು, ಬಾಗೇತಿ,' ಅಂದರು. 'ಬುಡದಾಗ ಮಣ್ಣ ಕೊಚ್ಚಿ ಹೋಗೇತಿ. ಯಾಕ?'

ಮುಂದೆ ಇನ್ನೊಂದು ಕಂಬ ಬರುತ್ತಿತ್ತು. ಅದು ಹೇಗಿದೆ ಎಂದು ಯಾರನ್ನೂ ಕೇಳದೆ ನೋಡಿದೆ.